ಎಸ್‌ಯುವಿ ಯಾವ ಜಾತಿಯದು? ಬಗ್ಗಿ ನೋಡಿ ತಿಳಿಯಿರಿ

ಎತ್ತರದ ಬಾನೆಟ್, ಚೌಕ ಮೈಕಟ್ಟು, ಚಕ್ರದ ಸುತ್ತ ಕಪ್ಪು ಪ್ಲಾಸ್ಟಿಕ್. ಇಷ್ಟಿದ್ದರೆ ಈಗ ಯಾವ ಗಾಡಿಗೂ ಎಸ್‌ಯುವಿ ಎಂಬ ಹೆಸರು ಅಂಟಿಕೊಳ್ಳುತ್ತದೆ. ಅದು ನಿಜವಾಗಿ ಯಾವ ಕೆಲಸಕ್ಕೆ ಬರುತ್ತದೆಂದು ತಿಳಿಯಲು ಹೊಟ್ಟೆಯಡಿ ನೋಡಬೇಕು. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಟಾರ್ಚ್ ಹಿಡಿದು ಪಕ್ಕದಲ್ಲಿ ಮಲಗಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಲೇಬೇಡಿ.

ಮೊದಲು ಚಾಸಿ, ಅಂದರೆ ಗಾಡಿಯ ಭಾರ ಹೊರುವ ಚೌಕಟ್ಟು. ಮುಂದಿನ ಬಂಪರ್‌ನಿಂದ ಹಿಂದಿನವರೆಗೆ ಎರಡು ದಪ್ಪ ಉಕ್ಕಿನ ತೊಲೆಗಳು, ನಡುವೆ ಅಡ್ಡಪಟ್ಟಿಗಳು, ಏಣಿ ಮಲಗಿಸಿದ ಹಾಗೆ ಕಂಡರೆ ಅದು ಲ್ಯಾಡರ್ ಫ್ರೇಮ್. ತೊಲೆ ಮತ್ತು ಬಾಡಿಯ ನಡುವೆ ಸಾಮಾನ್ಯವಾಗಿ ರಬ್ಬರ್ ಬುಶ್‌ಗಳೂ ಕಾಣುತ್ತವೆ. 1941ರ ವಿಲ್ಲೀಸ್ ಜೀಪ್, 1948ರ ಲ್ಯಾಂಡ್ ರೋವರ್ ಎರಡೂ ಈ ಕುಲದವು. ತೊಲೆಗಳು ಮುಂಭಾಗದಲ್ಲಷ್ಟೇ ಇದ್ದು ತಳದ ತಗಡಿಗೆ ವೆಲ್ಡ್ ಆಗಿ ಕರಗಿಹೋಗಿದ್ದರೆ ಅದು ಮಾನೊಕಾಕ್, ಅಂದರೆ ಬಾಡಿಯೇ ಚೌಕಟ್ಟಾದ ಗಾಡಿ. ಎಂಜಿನ್ ಹೊತ್ತ ಚಿಕ್ಕ ಚೌಕಟ್ಟನ್ನು (ಸಬ್‌ಫ್ರೇಮ್) ನೋಡಿ ಲ್ಯಾಡರ್ ಫ್ರೇಮ್ ಎಂದು ಮೋಸಹೋಗುವವರು ಬಹಳ.

ಮಾನೊಕಾಕ್ ಎಂದರೆ ಮೆತ್ತಗಿನ ಗಾಡಿ ಎಂಬ ಮಾತನ್ನು ಪೂರ್ತಿ ನಂಬಬೇಡಿ. 1977ರ ಲಾಡಾ ನೀವಾ, 1984ರ ಜೀಪ್ ಚೆರೋಕಿ ಎರಡೂ ಮಾನೊಕಾಕ್, ಎರಡೂ ಕಾಡುದಾರಿಯಲ್ಲಿ ಗಟ್ಟಿಗರು. 1994ರಲ್ಲಿ ಟೊಯೋಟಾ ರ‍್ಯಾವ್4, ಮರುವರ್ಷ ಹೋಂಡಾ ಸಿಆರ್‌-ವಿ ಬಂದವು. ಇವು ಕಾರಿನ ತಳಹದಿಯ ಮೇಲೆ ಕಟ್ಟಿದ ಕ್ರಾಸ್‌ಓವರ್‌ಗಳು. ರಸ್ತೆಯಲ್ಲಿ ಈಗ ಹೆಚ್ಚು ಕಾಣುವುದು ಇವುಗಳ ಸಂತತಿಯೇ.

ಆಮೇಲೆ ಎಂಜಿನ್ ಬಲವನ್ನು ಚಕ್ರಗಳತ್ತ ಒಯ್ಯುವ ಉದ್ದ ದಂಡ, ಅಂದರೆ ಶಾಫ್ಟ್ ಹುಡುಕಿ. ಎಂಜಿನ್ ಅಡ್ಡಲಾಗಿ ಕೂತ ಗಾಡಿಯಲ್ಲಿ ಹಿಂದಕ್ಕೆ ಪ್ರೊಪೆಲ್ಲರ್ ಶಾಫ್ಟ್ ಇಲ್ಲವೆಂದರೆ, ಎಷ್ಟೇ ದೊಡ್ಡ ಎಸ್‌ಯುವಿಯಾದರೂ ಎಳೆಯುವುದು ಮುಂದಿನ ಎರಡೇ ಚಕ್ರ. (ಹಿಂಭಾಗದಲ್ಲಿ ಮೋಟರ್ ಇರುವ ಹೈಬ್ರಿಡ್‌ಗಳಿಗೆ ಈ ಲೆಕ್ಕ ಹಿಡಿಯದು.) ಗೇರ್‌ಬಾಕ್ಸ್ ಹಿಂದೆ ಇನ್ನೊಂದು ಪೆಟ್ಟಿಗೆ, ಅದರಿಂದ ಮುಂದಕ್ಕೂ ಹಿಂದಕ್ಕೂ ಶಾಫ್ಟ್ ಹೋಗಿದ್ದರೆ ಅದು ಟ್ರಾನ್ಸ್‌ಫರ್ ಕೇಸ್. ಡ್ರೈವರ್ ಪಕ್ಕದ ಲಿವರ್ ಅಥವಾ ಗುಂಡಿಯಲ್ಲಿ 4ಎಲ್ ಎಂಬ ಸ್ಥಾನವಿದ್ದರೆ ಲೋ ರೇಂಜ್, ಅಂದರೆ ವೇಗ ತಗ್ಗಿಸಿ ಬಲ ಹೆಚ್ಚಿಸುವ ಗೇರ್ ಇದೆ ಎಂದರ್ಥ. ವಿಲ್ಲೀಸ್ ಜೀಪ್‌ನಲ್ಲಿ ಅದರ ಅನುಪಾತ 1.97, ವೇಗ ಹೆಚ್ಚುಕಮ್ಮಿ ಅರ್ಧಕ್ಕಿಳಿದು ಚಕ್ರಕ್ಕೆ ತಲುಪುವ ತಿರುಚುಬಲ ಇಮ್ಮಡಿಯಾಗುತ್ತದೆ. ಕಲ್ಲುಬಂಡೆಯ ಇಳಿಜಾರಿನಲ್ಲಿ ಬ್ರೇಕ್ ಸುಡದೆ ಇಳಿಯಲು ಇದೇ ದಾರಿ.

ಬೇಕಾದಾಗ ಮಾತ್ರ ನಾಲ್ಕೂ ಚಕ್ರ ಎಳೆಯುವ ಪಾರ್ಟ್‌ಟೈಮ್ ಫೋರ್‌ವೀಲ್‌ನಲ್ಲಿ ನಡುವಿನ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಶಾಫ್ಟ್‌ಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು, ಆದರೆ ಎರಡೂ ಶಾಫ್ಟ್ ಒಂದೇ ವೇಗದಲ್ಲಿ ತಿರುಗುತ್ತವೆ. ಮಣ್ಣಿನಲ್ಲಾದರೆ ಟೈರು ಜಾರಿ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ 4ಎಚ್ (ಮಾಮೂಲಿ ವೇಗದಲ್ಲಿ ನಾಲ್ಕೂ ಚಕ್ರ) ಹಾಕಿ ತಿರುಗಿಸಿದರೆ ಸ್ಟೀರಿಂಗ್ ಬಿಗಿಯುತ್ತದೆ, ಗಾಡಿ ಹಿಡಿದುಹಿಡಿದು ಹಾರುತ್ತದೆ, ಕೊನೆಗೆ ಲಿವರ್ 2ಎಚ್‌ಗೆ (ಎರಡೇ ಚಕ್ರ ಎಳೆಯುವ ಸ್ಥಾನ) ಬರುವುದೇ ಇಲ್ಲ. ಲಿವರ್ ಜಗ್ಗಬೇಡಿ. ಸ್ಟೀರಿಂಗ್ ನೇರ ಮಾಡಿ ಕೆಲವು ಮೀಟರ್ ಹಿಂದಕ್ಕೆ ಹೋಗಿ; ಬಿಗಿತ ಬಿಟ್ಟು ಲಿವರ್ ತಾನೇ ಸಡಿಲವಾಗುತ್ತದೆ.

ಕ್ರಾಸ್‌ಓವರ್‌ಗಳ ಆಲ್‌ವೀಲ್‌ನಲ್ಲಿ ಸಾಮಾನ್ಯವಾಗಿ ಹಿಂದಿನ ಡಿಫರೆನ್ಷಿಯಲ್ ಮುಂದೆ ಹಿಂದಿನ ಚಕ್ರಗಳಿಗೆ ಬಲ ಜೋಡಿಸುವ ಒಂದು ಕ್ಲಚ್ ಕಟ್ಟು ಇರುತ್ತದೆ. ಆಳ ಮರಳಲ್ಲಿ ಆಕ್ಸಿಲರೇಟರ್ ಒತ್ತುತ್ತಲೇ ಇದ್ದರೆ ಅದು ಕಾದು ಬಿಟ್ಟುಕೊಡುತ್ತದೆ, ಹಿಂದಿನ ಚಕ್ರ ಸುಮ್ಮನಾಗುತ್ತದೆ. ತಣ್ಣಗಾಗುವವರೆಗೆ ಕಾಯುವುದೊಂದೇ ಉಪಾಯ. ನಾಲ್ಕು ಟೈರುಗಳ ಸವೆತದಲ್ಲಿ ವ್ಯತ್ಯಾಸ ಹೆಚ್ಚಾದರೂ ಇದೇ ಕ್ಲಚ್ ಸದಾ ಜಾರುತ್ತ ಸವೆಯುತ್ತದೆ.

ಕೊನೆಗೆ ಟೇಪ್ ಹಿಡಿದು ನೆಲದಿಂದ ತೀರಾ ಕೆಳಗಿನ ಭಾಗಕ್ಕೆ ಅಳೆಯಿರಿ. ಎಡ-ಬಲ ಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಜೋಡಿಸುವ ಸಾಲಿಡ್ ಆಕ್ಸಲ್‌ನಲ್ಲಿ ಅದು ನಡುವೆ ಗಡಿಗೆಯಂತೆ ಉಬ್ಬಿದ ಡಿಫರೆನ್ಷಿಯಲ್ ಹೌಸಿಂಗ್. ಎಷ್ಟೇ ಭಾರ ಹೇರಿದರೂ ಅದರ ಎತ್ತರ ಹೆಚ್ಚೇನೂ ಬದಲಾಗದು, ಏಕೆಂದರೆ ಆಕ್ಸಲ್ ಚಕ್ರದೊಂದಿಗೇ ಇರುತ್ತದೆ. ಪ್ರತಿ ಚಕ್ರವೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುವ ಇಂಡಿಪೆಂಡೆಂಟ್ ಸಸ್ಪೆನ್ಷನ್‌ನಲ್ಲಿ ಹೊಟ್ಟೆಯೇ ಕುಸಿಯುತ್ತದೆ. ಜನ, ಸಾಮಾನು ತುಂಬಿಯೇ ಅಳೆಯಬೇಕು. ಗಾಡಿ ಉದ್ದವಾದಷ್ಟೂ ದಿಬ್ಬಕ್ಕೆ ಹೊಟ್ಟೆ ತಗುಲುವುದು ಹೆಚ್ಚು: ನಡುವಿನ ಎತ್ತರ 200 ಮಿಮೀ ಇದ್ದರೆ, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2500 ಮಿಮೀ ಇರುವ ಗಾಡಿ ಸುಮಾರು 18 ಡಿಗ್ರಿ ದಿಬ್ಬ ದಾಟುತ್ತದೆ, 3000 ಮಿಮೀ ಇರುವುದು 15 ಡಿಗ್ರಿಗೇ ತಳ ಕೆರೆದುಕೊಳ್ಳುತ್ತದೆ.