ಹೊಸ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸುವ ಮೊದಲು

ಪೊಲೀಸ್ ಕಮಿಷನರ್ ಕಚೇರಿಯಿಂದ ಲೈಸೆನ್ಸ್ ಬಂತು, ಹೊಸ .32 ಪಿಸ್ತೂಲೂ ಮನೆಗೆ ಬಂತು. ಅವತ್ತೇ ತೋಟಾ ತುಂಬಿಕೊಂಡು ಓಡಾಡುವವರಿದ್ದಾರೆ. ದಯವಿಟ್ಟು ಬೇಡ. ನಿಮ್ಮ ಪಿಸ್ತೂಲು, ನಿಮ್ಮ ಮ್ಯಾಗಜಿನ್ (ತೋಟಾ ತುಂಬಿ ಹಿಡಿಯೊಳಗೆ ತಳ್ಳುವ ಡಬ್ಬಿ), ನಿಮ್ಮ ತೋಟಾ, ಈ ಮೂರೂ ಹೊಂದಿಕೊಂಡು ಕೆಲಸ ಮಾಡುತ್ತವೆ ಅಂತ ಮೊದಲು ಗೊತ್ತಾಗಬೇಕು.

ತೋಟಾದಿಂದಲೇ ಶುರು ಮಾಡಿ. .32 ಅಂದರೆ ಎಲ್ಲ ಒಂದೇ ಅಲ್ಲ. ನಮ್ಮ ಆರ್ಡನೆನ್ಸ್ ಫ್ಯಾಕ್ಟರಿಯ .32 ರಿವಾಲ್ವರ್‌ನ ತೋಟಾ ಉದ್ದ. ಪಿಸ್ತೂಲಿನದು ಗಿಡ್ಡ, 7.65 ಮಿ.ಮೀ. ಅಂತಲೂ ಕರೆಯುತ್ತಾರೆ. ರಿವಾಲ್ವರ್‌ನದನ್ನು ಪಿಸ್ತೂಲಿಗೆ ಹಾಕುವಂತಿಲ್ಲ.

ಆಮೇಲೆ ಮನೆಯಲ್ಲೇ ಪಿಸ್ತೂಲು ಒರೆಸಿ ನೋಡುವ ಕೆಲಸ. ಅದನ್ನು ಮಾಡುವ ಕೋಣೆಯಲ್ಲಿ ಒಂದು ತೋಟಾವೂ ಇರಬಾರದು. ಮ್ಯಾಗಜಿನ್ ತೆಗೆಯಿರಿ, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಎಳೆದು ಒಳಗೆ ಕಣ್ಣಿಟ್ಟು ನೋಡಿ, ಕಿರುಬೆರಳಿನಿಂದಲೂ ಮುಟ್ಟಿ ನೋಡಿ. ಕಾರ್ಖಾನೆಯ ಅಂಟು ಎಣ್ಣೆ ಒರೆಸಿ, ತೆಳ್ಳಗೆ ಹೊಸ ಎಣ್ಣೆ ಹಚ್ಚಿ. ಮ್ಯಾಗಜಿನ್‌ಗಳ ಮೇಲೆ 1, 2 ಅಂತ ಗುರುತು ಹಾಕಿ. ತೊಂದರೆ ಬಂದಾಗ ತಪ್ಪು ಪಿಸ್ತೂಲಿನದೋ ಮ್ಯಾಗಜಿನ್ನಿನದೋ ತಿಳಿಯಬೇಕಲ್ವಾ?

ತೋಟಾ ತುಂಬುವುದರಲ್ಲೇ ಒಂದು ಸೂಕ್ಷ್ಮ ಇದೆ. ಈ ಗಿಡ್ಡ ತೋಟಾದ ಬುಡದಲ್ಲಿ ಸಣ್ಣ ಅಂಚೊಂದು ಚಾಚಿಕೊಂಡಿರುತ್ತದೆ, ಉಗುರಿಗೆ ತಾಗುವಷ್ಟು. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಸ್ಲೈಡ್ ತಳ್ಳಿದಾಗ ಎರಡೂ ತೊಡರಿಕೊಂಡು ಮ್ಯಾಗಜಿನ್ ಕಚ್ಚಿಕೊಳ್ಳುತ್ತದೆ. ಹೊಸ ಪಿಸ್ತೂಲು ಕೆಟ್ಟಿದೆ ಅಂತ ಬೈಯುವ ಮೊದಲು ಇದನ್ನು ನೋಡಿ.

ಗುಂಡು ಹಾರಿಸುವುದು ರೇಂಜ್‌ನಲ್ಲಿ ಮಾತ್ರ, ತರಬೇತುದಾರರ ಎದುರಿಗೆ, ಕಿವಿಗೆ ಕಣ್ಣಿಗೆ ರಕ್ಷಣೆ ಹಾಕಿಕೊಂಡು. ನೆಲಮಂಗಲದ ಆಚೆ ಜಮೀನಿದೆ ಅಂತ ಅಲ್ಲಿ ಬೇಡ. ಸಂಭ್ರಮಕ್ಕೋ ಅಜಾಗ್ರತೆಯಿಂದಲೋ ಜನರ ಜೀವಕ್ಕೆ ಅಪಾಯವಾಗುವಂತೆ ಹಾರಿಸಿದರೆ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಮೊದಲು ಒಂದೇ ತೋಟಾ ಹಾಕಿ ಹಾರಿಸಿ. ಆಮೇಲೆ ಎರಡು. ಆಮೇಲೆ ಮ್ಯಾಗಜಿನ್ ತುಂಬಾ. ಒಂದೇ ಕೈಯಲ್ಲಿ ಹಿಡಿದೂ ನೋಡಿ, ಹಿಡಿತ ಸಡಿಲವಾದಾಗ ತೋಟಾ ಸಿಕ್ಕಿಕೊಳ್ಳುವುದು ಜಾಸ್ತಿ. ಕುದುರೆ ಎಳೆದರೂ ಗುಂಡು ಹಾರದಿದ್ದರೆ ನಳಿಗೆ ಗುರಿಯ ಕಡೆಗೇ ಇರಲಿ, 30 ಸೆಕೆಂಡ್ ಕಾಯಿರಿ. ತಡವಾಗಿಯೂ ಹಾರಬಹುದು. 'ಪುಸ್' ಅಂತ ಸಣ್ಣ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಉಳಿದಿರಬಹುದು, ಇನ್ನೊಂದು ಹಾರಿಸಿದರೆ ನಳಿಗೆ ಸಿಡಿಯುತ್ತದೆ.

ಹೊರದೇಶಗಳಲ್ಲಿ 200 ಗುಂಡು ಹಾರಿಸಿ ನೋಡುವ ರೂಢಿಯಿದೆ. ನಮಗೆ ಲೈಸೆನ್ಸ್‌ನಲ್ಲಿ ಬರೆದಷ್ಟೇ ತೋಟಾ. ಹಾಗಾಗಿ ನನ್ನ ಲೆಕ್ಕ ಇಷ್ಟು: ಕಡೇ ಪಕ್ಷ 50, ಒಂದೂ ತಡೆಯಿಲ್ಲದೆ. ನಡುವೆ ಎಲ್ಲಾದರೂ ಸಿಕ್ಕಿಕೊಂಡರೆ ಕಾರಣ ಹುಡುಕಿ, ಸರಿಪಡಿಸಿ, ಒಂದರಿಂದ ಮತ್ತೆ ಎಣಿಸಿ. ಯಾವ ಮ್ಯಾಗಜಿನ್, ಎಷ್ಟನೇ ಗುಂಡು ಅಂತ ಪುಸ್ತಕದಲ್ಲಿ ಬರೆದಿಡಿ. ಆ ಲೆಕ್ಕ ಮುಗಿಯುವವರೆಗೆ ಪಿಸ್ತೂಲು ಬೀರುವಿನಲ್ಲಿ ಬೀಗ ಹಾಕಿಕೊಂಡಿರಲಿ.

ಆಯುಧಪೂಜೆಗೆ ಇಟ್ಟ ಕುಂಕುಮ, ಅರಿಶಿನ ಸ್ಲೈಡಿನ ಸಂದಿಗೆ ಇಳಿದಿರುತ್ತದೆ. ಮಾರನೇ ದಿನವೇ ಬಿಚ್ಚಿ ಒರೆಸಿ, ಮುಂದಿನ ಸಲ ರೇಂಜ್‌ಗೆ ಹೋದಾಗ ಒಂದು ಮ್ಯಾಗಜಿನ್ ಹಾರಿಸಿ ನೋಡಿ.