ಮೂರು ಕೋಣೆ, ಮೂರು ಕಾವು: ಹುಳುಮನೆಗೆ ಥರ್ಮೋಸ್ಟಾಟ್ ಆರಿಸಿದ ನನ್ನ ಅನುಭವ

ನಮ್ಮದು ಮಳವಳ್ಳಿ ತಾಲ್ಲೂಕಿನ ಹಳ್ಳಿ. ಎರಡು ಎಕರೆ ವಿ-1 ತಳಿಯ ಹಿಪ್ಪುನೇರಳೆ ಇದೆ. ಚಾಕಿ, ಅಂದರೆ ಮೊಟ್ಟೆಯೊಡೆದು ಬಂದ ರೇಷ್ಮೆ ಮರಿಹುಳುವನ್ನು, ನಾವೇ ಸಾಕುತ್ತೇವೆ. ಎರಡನೇ ಜ್ವರ (ಹುಳು ಮೇಯುವುದು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಹುಳುವನ್ನು ಅಕ್ಕಪಕ್ಕದ ನಾಲ್ಕೈದು ಮನೆಗೂ ಕೊಡುತ್ತೇವೆ. ಹಾಗಾಗಿ ನನ್ನ ಕೋಣೆಯಲ್ಲಿ ಕಾವು ಎಡವಟ್ಟಾದರೆ ಐದು ಮನೆ ಬೆಳೆ ಹೋಗುತ್ತೆ.

ಮಂಡ್ಯ ಕಡೆ ಮನೆ ಬಿಸಿ ಮಾಡುವ ಮಾತೆತ್ತಿದರೆ ಜನ ನಗುತ್ತಾರೆ. ಮನುಷ್ಯರಿಗೆ ಒಂದು ಕಂಬಳಿ ಸಾಕು, ಅಲ್ವಾ? ಆದರೆ ಡಿಸೆಂಬರ್, ಜನವರಿಯ ರಾತ್ರಿ ಹೊರಗೆ 15–16 ಡಿಗ್ರಿಗೆ ಇಳಿದಾಗ ಚಾಕಿ ಹುಳುವಿಗೆ 28 ಬೇಕು. ರೇಷ್ಮೆ ಹುಳು ತನ್ನ ಮೈಕಾವನ್ನು ತಾನು ಕಾಯ್ದುಕೊಳ್ಳುವುದಿಲ್ಲ. ಕೋಣೆ ಎಷ್ಟು ತಂಪೋ ಹುಳುವೂ ಅಷ್ಟೇ ತಂಪು. 20ಕ್ಕಿಂತ ಕೆಳಗೆ ಹೋದರೆ ಸೊಪ್ಪು ಮೇಯುವುದೇ ಕಡಿಮೆಯಾಗುತ್ತೆ. ಒಂದು ಹುಳು ಜ್ವರಕ್ಕೆ ಕೂತಿರುತ್ತೆ, ಪಕ್ಕದ್ದು ಇನ್ನೂ ಮೇಯುತ್ತಿರುತ್ತೆ. ಹಾಸಿಗೆಯ ಹುಳು ಒಂದೇ ಸಮ ಇಲ್ಲದಿದ್ದರೆ ಮುಂದೆ ಗೂಡು ಕಟ್ಟುವ ತಟ್ಟೆ, ಅಂದರೆ ಚಂದ್ರಿಕೆಗೆ ಹಾಕುವ ತನಕ ಅದೇ ಗೋಳು.

ಇನ್ನೊಂದು ಕಷ್ಟ ಏನೆಂದರೆ ನಮಗೆ ಬೇಕಾದ ಕಾವು ಒಂದಲ್ಲ. ಮೊಟ್ಟೆ ಇಡುವ ಸಣ್ಣ ಕೋಣೆಗೆ 25 ಡಿಗ್ರಿ, ತೇವಾಂಶ ಶೇಕಡಾ 80ರ ಹತ್ತಿರ. ಚಾಕಿ ಕೋಣೆಗೆ ಮೊದಲ ಹಂತದಲ್ಲಿ 28, ಎರಡನೆಯದರಲ್ಲಿ 27, ತೇವಾಂಶ 85ರಿಂದ 90. ದೊಡ್ಡ ಹುಳುವಿನ ಶೆಡ್ಡಿಗೆ 24–25 ಸಾಕು, ತೇವಾಂಶ 70ರ ಆಸುಪಾಸು. ಮೈಸೂರಿನ ಶ್ರೀರಾಂಪುರದಲ್ಲಿರುವ ಕೇಂದ್ರೀಯ ರೇಷ್ಮೆ ಸಂಸ್ಥೆಯಲ್ಲಿ ತರಬೇತಿಗೆ ಹೋದಾಗ ಈ ಲೆಕ್ಕ ಬರೆದುಕೊಂಡು ಬಂದೆ. ಆ ಚೀಟಿ ಇನ್ನೂ ಚಾಕಿ ಕೋಣೆಯ ಬಾಗಿಲ ಹಿಂದೆ ಇದೆ.

ಮೊದಲೆಲ್ಲ ಅಗ್ಗಿಷ್ಟಿಕೆ ಇಡುತ್ತಿದ್ದೆವು. ರಾತ್ರಿ ಎರಡು ಗಂಟೆಗೆ ಎದ್ದು ಇದ್ದಿಲು ಕೆದಕಬೇಕು. ಹೊಗೆ ಹುಳುವಿಗೂ ಆಗಲ್ಲ, ಮುಚ್ಚಿದ ಕೋಣೆಯಲ್ಲಿ ಕೂತವರ ಪ್ರಾಣಕ್ಕೂ ಕುತ್ತು. ಆಮೇಲೆ ಕರೆಂಟಿನ ಹೀಟರ್ ಬಂತು. ಎದ್ದು ಕೂರುವುದು ಮಾತ್ರ ತಪ್ಪಲಿಲ್ಲ. ಇದ್ದಿಲು ಕೆದಕುವ ಬದಲು ಸ್ವಿಚ್ ಒತ್ತುತ್ತಿದ್ದೆ, ಅಷ್ಟೇ.

ಅಕ್ಕನ ಮಗ ಮೈಸೂರಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅವನೇ ಸ್ಮಾರ್ಟ್ ಥರ್ಮೋಸ್ಟಾಟ್, ಅಂದರೆ ಕಾವು ನೋಡಿ ಹೀಟರನ್ನು ತಾನೇ ಆನ್-ಆಫ್ ಮಾಡುವ ಸಾಧನದ ವಿಷಯ ತೆಗೆದದ್ದು. ಮೊಬೈಲಲ್ಲಿ ಹೊರದೇಶದ ಗುಂಡನೆಯ ಥರ್ಮೋಸ್ಟಾಟ್ ಚಿತ್ರ ತೋರಿಸಿದ. "ಮಾವ, ಇದು ತಾನೇ ಕಲಿತುಕೊಳ್ಳುತ್ತೆ. ನೀವು ಮನೆ ಬಿಟ್ಟು ಹೊರಗೆ ಹೋದರೆ ಕಾವು ತಾನೇ ಇಳಿಸುತ್ತೆ" ಅಂದ. "ನಾನು ಹೊರಗೆ ಹೋಗ್ತೀನಪ್ಪ, ಹುಳು ಎಲ್ಲಿಗೆ ಹೋಗ್ತದೆ?" ಅಂದೆ. ಇಬ್ಬರೂ ನಕ್ಕೆವು.

ಆಮೇಲೆ ವಿಚಾರಿಸಿದಾಗ ಗೊತ್ತಾಯಿತು, ಅಮೆರಿಕದಲ್ಲಿ ಓಡುವ ಅಂಥ ಮಾಲು ಹೆಚ್ಚಾಗಿ 24 ವೋಲ್ಟಿನ ಸಣ್ಣ ತಂತಿಯ ಮೇಲೆ ಕೆಲಸ ಮಾಡುತ್ತೆ. ಅಲ್ಲಿ ಇಡೀ ಮನೆಗೆ ಒಂದೇ ಒಲೆ ಅಥವಾ ಬಾಯ್ಲರ್ ಇರುತ್ತೆ. ಕೋಣೆಗೊಂದು ಥರ್ಮೋಸ್ಟಾಟ್ ಇಟ್ಟು, ಬಿಸಿಗಾಳಿಯ ಕೊಳವೆಗೋ ಬಿಸಿನೀರಿನ ಪೈಪಿಗೋ ಕವಾಟ ಕೂರಿಸಿ ಹಂಚುತ್ತಾರೆ. ನಮ್ಮಲ್ಲಿ ಕೋಣೆಗೊಂದು 230 ವೋಲ್ಟಿನ ಹೀಟರ್. ಅದಕ್ಕೆ ಇದನ್ನು ನೇರವಾಗಿ ಕೊಟ್ಟರೆ ಸುಟ್ಟೇ ಹೋಗುತ್ತೆ. ನಮಗೆ ಹೊಂದುವುದು ಕೋಳಿ ಮರಿ ಮಾಡುವವರು ಇನ್‌ಕ್ಯುಬೇಟರಿಗೆ ಹಾಕುವ ತರಹದ ಕಂಟ್ರೋಲರ್. ಕಾವು, ತೇವಾಂಶ ಎರಡನ್ನೂ ನೋಡುತ್ತೆ, ಎರಡಕ್ಕೂ ಬೇರೆ ಬೇರೆ ರಿಲೇ (ತಾನೇ ಆನ್-ಆಫ್ ಆಗುವ ಸ್ವಿಚ್) ಇರುತ್ತೆ.

ಇಷ್ಟು ತಿಳಿಯುವ ಮುಂಚೆಯೇ ನಾನು ಒಂದು ತಪ್ಪು ಮಾಡಿಬಿಟ್ಟಿದ್ದೆ. ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ಕ ವೈಫೈ ಥರ್ಮೋಸ್ಟಾಟ್ ತರಿಸಿದ್ದೆ. ಡಬ್ಬಿ ಮೇಲೆ 10 ಆಂಪಿಯರ್ ಎಂದಿತ್ತು. ನನ್ನ ಹೀಟರ್ 2000 ವ್ಯಾಟ್, ಅಂದರೆ 8.7 ಆಂಪಿಯರ್. ಸರಿಹೋಯಿತು ಅಂದುಕೊಂಡೆ. ಜಾಣತನ ಜಾಸ್ತಿಯಾಗಿ, ಕಾವು 0.3 ಡಿಗ್ರಿ ಇಳಿದರೂ ಹೀಟರ್ ಆನ್ ಆಗುವ ಹಾಗೆ ಇಟ್ಟೆ. ಎರಡೆರಡು ನಿಮಿಷಕ್ಕೆ ಟಕ್, ಟಕ್. ಹನ್ನೊಂದನೇ ರಾತ್ರಿ ಒಳಗಿನ ರಿಲೇ ಕಾಂಟ್ಯಾಕ್ಟ್ ಅಂಟಿಕೊಂಡಿತು. ಆಪ್‌ನಲ್ಲಿ ಹೀಟರ್ ಆಫ್ ಎಂದೇ ತೋರಿಸುತ್ತಿತ್ತು, ಒಳಗೆ ಉರಿಯುತ್ತಿತ್ತು. ಬೆಳಗ್ಗೆ ಬಾಗಿಲು ತೆಗೆದರೆ 36 ಡಿಗ್ರಿ. ಸೊಪ್ಪು ಹಪ್ಪಳ ಆಗಿತ್ತು. ಮೇಲಿನ ತಟ್ಟೆಗಳ ಹುಳು ಎತ್ತಿ ಗುಂಡಿಗೆ ಹಾಕಿದೆ. ಉಳಿದದ್ದರಲ್ಲೂ ಮುಂದೆ ಸಪ್ಪೆ ರೋಗ ಕಾಣಿಸಿತು. ಹುಳು ತೆಗೆದುಕೊಳ್ಳಬೇಕಿದ್ದ ಮನೆಗಳಿಗೆ ಹೋಗಿ ಹೇಳಿಬರುವಷ್ಟರಲ್ಲಿ ಸಾಕುಸಾಕಾಯಿತು.

ಅಲ್ಲಿಂದ ನಾನು ಥರ್ಮೋಸ್ಟಾಟ್ ನೋಡುವ ರೀತಿಯೇ ಬದಲಾಯಿತು. ಅಂಗಡಿಯವರು ಆಪ್ ತೋರಿಸಲು ಬಂದರೆ, "ಅದು ಇರಲಿ, ಸೆನ್ಸರ್ ತಂತಿ ಕಿತ್ತರೆ ಏನು ಮಾಡುತ್ತೆ?" ಎಂದು ಕೇಳುತ್ತಿದ್ದೆ. ಮೈಸೂರಿನ ಅಶೋಕ ರಸ್ತೆ ಕಡೆಯ ಒಂದು ಅಂಗಡಿಯಲ್ಲಿ ಕೌಂಟರ್ ಮೇಲೆಯೇ ಜೋಡಿಸಿ, ಹೀಟರಿನ ಜಾಗದಲ್ಲಿ ಬಲ್ಬ್ ಹಾಕಿ ನೋಡಿದೆವು. ಒಂದರ ಸೆನ್ಸರ್ ಕಿತ್ತರೂ ಬಲ್ಬ್ ಉರಿಯುತ್ತಲೇ ಇತ್ತು. ಇನ್ನೊಂದು ತಕ್ಷಣ ಆರಿಸಿ ಕೂಗಿಕೊಂಡಿತು. ಪ್ಲಗ್ ಕಿತ್ತು ಮತ್ತೆ ಹಾಕಿದಾಗಲೂ ನಾನು ಇಟ್ಟ 28 ಹಾಗೇ ಇತ್ತು. ವೈಫೈ ಬಂದ್ ಮಾಡಿದರೂ ತನ್ನ ಕೆಲಸ ಮಾಡುತ್ತಿತ್ತು. ಅದನ್ನೇ ಮೂರು ಕಟ್ಟಿಸಿಕೊಂಡೆ. ಅಂಗಡಿಯವರು ತಾಳ್ಮೆಯಿಂದ ಸಹಿಸಿಕೊಂಡರು, ಬಹುಶಃ ಮೂರು ಹೋಗುತ್ತವಲ್ಲ ಎಂದು.

ಹೀಟರಿನ ಕರೆಂಟು ಈಗ ಥರ್ಮೋಸ್ಟಾಟಿನೊಳಗೆ ಹಾಯುವುದಿಲ್ಲ. 25 ಆಂಪಿಯರಿನ ಕಾಂಟ್ಯಾಕ್ಟರ್ ಹಾಕಿಸಿದೆ. ಥರ್ಮೋಸ್ಟಾಟ್ ಅದಕ್ಕೆ ಸನ್ನೆ ಮಾಡುತ್ತೆ, ಭಾರ ಅದು ಹೊರುತ್ತೆ. ಕಾವು 1 ಡಿಗ್ರಿ ಇಳಿದರೆ ಮಾತ್ರ ಹೀಟರ್ ಆನ್ ಆಗುವ ಹಾಗೆ ಇಟ್ಟಿದ್ದೇನೆ. ಹುಳುವಿಗೆ ಅಷ್ಟು ಏರಿಳಿತ ಏನೂ ಮಾಡುವುದಿಲ್ಲ. ಅದೇ ತಂತಿಯ ಸಾಲಿನಲ್ಲಿ ಹಳೇ ಕಾಲದ ತಿರುಗಿಸುವ ಥರ್ಮೋಸ್ಟಾಟ್ ಒಂದನ್ನು 31ಕ್ಕೆ ಇಟ್ಟು, ಅದಕ್ಕೆ ಬೇರೆಯೇ ಕಾಂಟ್ಯಾಕ್ಟರ್ ಕೊಟ್ಟಿದ್ದೇನೆ. ಮೊದಲಿನದು ಅಂಟಿಕೊಂಡರೂ ಇದು ಕಡಿದುಹಾಕುತ್ತೆ.

ಮೂರೂ ಹೀಟರ್ ಒಟ್ಟಿಗೆ ಆನ್ ಆದ ಮೊದಲ ರಾತ್ರಿ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಬಿತ್ತು. ಲೆಕ್ಕ ಹಾಕಿದರೆ 5000 ವ್ಯಾಟ್, ಸುಮಾರು 22 ಆಂಪಿಯರ್. ಬೀಳದೆ ಇನ್ನೇನಾಗುತ್ತೆ? ಎಲೆಕ್ಟ್ರಿಷಿಯನ್ ಒಂದು ಉಪಾಯ ಮಾಡಿದರು. ಚಾಕಿ ಕೋಣೆಯ ಹೀಟರ್ ಉರಿಯುವಾಗ ಶೆಡ್ಡಿನ ಹೀಟರಿಗೆ ಕರೆಂಟು ಹೋಗದ ಹಾಗೆ ಕಾಂಟ್ಯಾಕ್ಟರುಗಳನ್ನು ಒಂದಕ್ಕೊಂದು ಕಟ್ಟಿದರು. ದೊಡ್ಡ ಹುಳು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತೆ, ಮರಿ ತಡೆಯುವುದಿಲ್ಲ.

ತೇವಾಂಶದ ವಿಷಯ ನಾನು ತಡವಾಗಿ ಕಲಿತೆ. 20 ಡಿಗ್ರಿಯಲ್ಲಿ ಶೇಕಡಾ 70 ತೇವ ಇರುವ ಗಾಳಿಯನ್ನು ಹಾಗೇ 28ಕ್ಕೆ ಕಾಯಿಸಿದರೆ ತೇವ ಸುಮಾರು 43ಕ್ಕೆ ಇಳಿಯುತ್ತೆ. ನೀರು ಎಲ್ಲೂ ಹೋಗಿರುವುದಿಲ್ಲ, ಬಿಸಿ ಗಾಳಿಗೆ ಬಾಯಾರಿಕೆ ಜಾಸ್ತಿ. ಅದು ಎಳೆಸೊಪ್ಪಿನಿಂದಲೇ ನೀರು ಹೀರುತ್ತೆ. ಹಾಗಾಗಿ ಬರೀ ಕಾವು ನೋಡುವ ಥರ್ಮೋಸ್ಟಾಟ್ ಚಾಕಿಗೆ ಅರ್ಧ ಕೆಲಸ ಮಾಡಿದ ಹಾಗೆ. ಎರಡನೇ ರಿಲೇಗೆ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಕೊಟ್ಟೆ. ಕರೆಂಟು ಇಲ್ಲದಾಗ ಒದ್ದೆ ಗೋಣಿಚೀಲವೇ ಗತಿ. ಹುಳು ಜ್ವರಕ್ಕೆ ಕೂತಾಗ ಮಾತ್ರ ಹ್ಯುಮಿಡಿಫೈಯರ್ ಬಂದ್. ಆಗ ಹಾಸಿಗೆ ಒಣಗಿರಬೇಕು, ಗಾಳಿ ಆಡಬೇಕು. ಇದನ್ನು ಆಪ್‌ನ ವೇಳಾಪಟ್ಟಿಗೆ ಬಿಡಲು ಹೋಗಿ ಕೈಬಿಟ್ಟೆ. ಸೋಮವಾರ ಸಂಜೆ ಆರಕ್ಕೆ ಜ್ವರಕ್ಕೆ ಕೂರು ಎಂದು ಹುಳುವಿಗೆ ಹೇಳಲಾಗುತ್ತಾ? ತಟ್ಟೆ ನೋಡಿ ಕೈಯಲ್ಲೇ ಬದಲಾಯಿಸುತ್ತೇನೆ.

ಸೆನ್ಸರನ್ನು ಮೊದಲು ಬಾಗಿಲ ಪಕ್ಕದ ಗೋಡೆಗೆ ಹೊಡೆದಿದ್ದೆ, ನೋಡಲು ಚೆನ್ನಾಗಿರುತ್ತೆ ಎಂದು. ಅದು ಗೋಡೆಯ ಕಾವು ಹೇಳುತ್ತಿತ್ತು. ಸ್ಟ್ಯಾಂಡಿನ ಮೇಲಿನ ತಟ್ಟೆಗೂ ಕೆಳಗಿನದಕ್ಕೂ ನನ್ನ ಕೋಣೆಯಲ್ಲಿ 3 ಡಿಗ್ರಿ ವ್ಯತ್ಯಾಸ ಇದೆ. ಈಗ ಸೆನ್ಸರ್ ನಡುವಿನ ತಟ್ಟೆಯ ಎತ್ತರದಲ್ಲಿ, ಹೀಟರಿನ ಗಾಳಿ ನೇರ ಬಡಿಯದ ಕಡೆ ತೂಗಾಡುತ್ತೆ. ತಟ್ಟೆಗಳನ್ನು ದಿನಾ ಮೇಲೆ ಕೆಳಗೆ ಬದಲಾಯಿಸುತ್ತೇವೆ. ಜ್ವರದಲ್ಲಿ ಹಾಸಿಗೆಗೆ ಎರಚುವ ಸುಣ್ಣದ ಪುಡಿ ಸೆನ್ಸರ್ ಒಳಗೆ ಹೋಗುತ್ತೆ, ಆ ಹೊತ್ತಿಗೆ ಮುಚ್ಚಬೇಕು. ಬೆಳೆ ಮುಗಿದು ಬ್ಲೀಚಿಂಗ್ ಪೌಡರ್ ಹೊಡೆಯುವ ಮುಂಚೆ ಬಿಚ್ಚಿ ಮನೆಯೊಳಗೆ ಇಡುತ್ತೇನೆ. ಒಂದು ಸಲ ಮರೆತೆ, ಅದು ಆಮೇಲೆ ಯಾವಾಗಲೂ ತೇವಾಂಶ 99 ತೋರಿಸುತ್ತಿತ್ತು.

ಸೆನ್ಸರ್ ಸರಿಯಾಗಿದೆಯಾ ಎಂದು ನೋಡಲು ಅಕ್ಕನ ಮಗ ಹೇಳಿಕೊಟ್ಟ ದಾರಿ ಸುಲಭ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಮುದ್ದೆಯಾಗುವಷ್ಟು ಮಾತ್ರ ನೀರು ಬೆರೆಸಿ, ಸೆನ್ಸರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಬೇಕು. ಉಪ್ಪು ಸೆನ್ಸರಿಗೆ ತಾಗಬಾರದು. ಬೆಳಗ್ಗೆ ತೇವಾಂಶ 75 ತೋರಿಸಬೇಕು. ನನ್ನ ಮೂರರಲ್ಲಿ ಒಂದು 69 ತೋರಿಸಿತು. ಕಂಟ್ರೋಲರಿನಲ್ಲಿ 6 ಕೂಡಿಸಿ ಸರಿಮಾಡಿಕೊಂಡೆ. ಗೋಡೆಯ ಮೇಲಿನ, ತೇವಾಂಶ ತಿಳಿಸುವ ಹಳೇ ಒದ್ದೆ-ಒಣ ಬಲ್ಬಿನ ಥರ್ಮಾಮೀಟರ್ ತೆಗೆದಿಲ್ಲ. ವಾರಕ್ಕೊಮ್ಮೆ ಅದರ ಜೊತೆ ತಾಳೆ ನೋಡುತ್ತೇನೆ.

ಮೊಬೈಲ್ ನನಗೆ ಉಪಯೋಗಕ್ಕೆ ಬಂದದ್ದು ಒಂದೇ ಕಡೆ, ಕೂಗಿ ಎಬ್ಬಿಸಲು. ನಮ್ಮ ಹಳ್ಳಿಯ ಇಂಟರ್ನೆಟ್ ನಂಬಿ ಮಲಗುವ ಹಾಗಿಲ್ಲ. ಅದಕ್ಕೆ ಸಿಮ್ ಹಾಕುವ, ಬ್ಯಾಟರಿ ಇರುವ ಸಣ್ಣ ಪೆಟ್ಟಿಗೆ ಜೋಡಿಸಿದ್ದೇನೆ. ಕಾವು 25ಕ್ಕಿಂತ ಇಳಿದರೆ ಅಥವಾ ಕರೆಂಟು ಹೋದರೆ ನನಗೂ ಹೆಂಡತಿಗೂ ಫೋನ್ ಬರುತ್ತೆ. ಹೋದ ಚಳಿಗಾಲದಲ್ಲಿ ಬೆಳಗಿನ ಜಾವ ಮೂರಕ್ಕೆ ಇಬ್ಬರ ಫೋನೂ ಒಟ್ಟಿಗೆ ಹೊಡೆದುಕೊಂಡವು. ಕರೆಂಟಿಲ್ಲ. ನಾನು ಹೊರಗೆ ಬಂದು ಅಗ್ಗಿಷ್ಟಿಕೆ ಹಚ್ಚಿ, ಹೊಗೆ ಪೂರಾ ಆರುವ ತನಕ ಅಂಗಳದಲ್ಲೇ ಕೈ ಕಾಯಿಸುತ್ತಾ ಕೂತೆ. ಅವಳು ಒಳಗೆ ತಟ್ಟೆಗಳ ಮೇಲೆ ಪ್ಯಾರಾಫಿನ್ ಪೇಪರ್ (ಮೇಣದ ಕಾಗದ) ಸರಿಯಾಗಿ ಮುಚ್ಚಿದಳು. ಕೆಂಡ ಒಳಗಿಟ್ಟು ಬಾಗಿಲು ನಾಲ್ಕು ಬೆರಳು ತೆರೆದಿಟ್ಟೆವು. ಕರೆಂಟು ಬಂದದ್ದು ಆರಕ್ಕೆ. ಕೋಣೆ 26ಕ್ಕಿಂತ ಕೆಳಗೆ ಇಳಿದಿರಲಿಲ್ಲ.