ಎದೆ ಭಾರ ಇಳಿಸುವ ಆಪರೇಷನ್: ಮೊದಲು ಕೇಳಬೇಕಾದ್ದು, ಆಮೇಲೆ ನೋಡಿಕೊಳ್ಳಬೇಕಾದ್ದು

ಬ್ರೆಸ್ಟ್ ರಿಡಕ್ಷನ್, ಅಂದರೆ ಸ್ತನದ ಗಾತ್ರ ಇಳಿಸುವ ಆಪರೇಷನ್, ಮಾಡಿಸಿಕೊಳ್ಳಲು ಬರುವವರ ಮೊದಲ ಎರಡು ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಎಷ್ಟು ಸೈಜ್ ಇಳಿಯುತ್ತೆ? ಕಲೆ ಉಳಿಯುತ್ತಾ? ಇವಕ್ಕೆ ಉತ್ತರ ಅರ್ಥವಾಗಬೇಕಾದರೆ ಒಳಗೆ ಏನು ಮಾಡುತ್ತಾರೆ ಅನ್ನುವುದು ಸ್ವಲ್ಪ ಗೊತ್ತಿರಬೇಕು.

ಮೊಲೆತೊಟ್ಟನ್ನು ಕತ್ತರಿಸಿ ತೆಗೆದು ಮೇಲೆ ಅಂಟಿಸುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ತೊಟ್ಟಿಗೆ ರಕ್ತನಾಳ, ನರ ಎರಡನ್ನೂ ಒಯ್ಯುವ ಮಾಂಸದ ಒಂದು ದಪ್ಪ ಪಟ್ಟಿಯನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಸರ್ಜನ್‌ಗಳು ಇದಕ್ಕೆ ಪೆಡಿಕಲ್ ಅನ್ನುತ್ತಾರೆ. ಸುತ್ತಲಿನ ಗ್ರಂಥಿ, ಕೊಬ್ಬು, ಹೆಚ್ಚುವರಿ ಚರ್ಮ ತೆಗೆದು, ಆ ಪಟ್ಟಿಯ ಸಮೇತ ತೊಟ್ಟನ್ನು ಮೇಲಕ್ಕೆ ಸರಿಸಿ, ಕೆಳಗೆ ಚರ್ಮ ಕೂಡಿಸಿ ಹೊಲಿಯುತ್ತಾರೆ. ಕಲೆ ಎಲ್ಲಿ ಬರುತ್ತದೆ, ಸ್ಪರ್ಶಜ್ಞಾನ ಉಳಿಯುತ್ತದೆಯೇ, ಹಾಲೂಡಿಸಬಹುದೇ, ತಂಬಾಕು ಯಾಕೆ ಬಿಡಬೇಕು ಅನ್ನುವ ಪ್ರಶ್ನೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಪಟ್ಟಿಯ ಹತ್ತಿರವೇ.

ಯಾರಿಗೆ ಬೇಕು, ಯಾವಾಗ ಬೇಡ

ಕತ್ತು, ಭುಜ, ಬೆನ್ನಿನ ಮೇಲ್ಭಾಗದಲ್ಲಿ ವರ್ಷಗಟ್ಟಲೆ ನೋವು; ಬ್ರಾ ಪಟ್ಟಿ ಭುಜದಲ್ಲಿ ಕೊರೆದು ಉಳಿದ ಗುಂಡಿ; ಸ್ತನದ ಕೆಳಮಡಿಕೆಯಲ್ಲಿ ಬೆವರು ನಿಂತು ಮತ್ತೆ ಮತ್ತೆ ಬರುವ ಫಂಗಸ್ ತುರಿ, ಬೇಸಿಗೆಯಲ್ಲಿ ಸಿಪ್ಪೆ ಸುಲಿದ ಹುಣ್ಣು; ಓಡಲು, ವ್ಯಾಯಾಮ ಮಾಡಲು ಆಗದಿರುವುದು. ಇಂಥವು ಇದ್ದು, ಅಳತೆಗೆ ಸರಿಯಾದ ಬ್ರಾ, ಫಿಸಿಯೋಥೆರಪಿ, ಚರ್ಮದ ಔಷಧಿ ಎಲ್ಲ ಆದ ಮೇಲೂ ಹೋಗದಿದ್ದರೆ ಆಪರೇಷನ್ ಯೋಚಿಸಬಹುದು. ತೂಕ ಇಳಿಸಿದರೆ ಸಾಲದೇ ಎಂದರೆ, ಸ್ತನದಲ್ಲಿ ಕೊಬ್ಬು ಹೆಚ್ಚಿದ್ದವರಿಗೆ ಸ್ವಲ್ಪ ಇಳಿಯುತ್ತದೆ, ಗ್ರಂಥಿಯೇ ಹೆಚ್ಚಿದ್ದವರಿಗೆ ಅಷ್ಟಾಗಿ ಇಳಿಯದು. ಇನ್ನೂ 15 ಕೆಜಿ ಇಳಿಸುವ ಯೋಚನೆಯಿದ್ದರೆ ಮೊದಲು ಅದನ್ನು ಮುಗಿಸಿ, ಕೆಲವು ತಿಂಗಳು ಅದೇ ತೂಕದಲ್ಲಿ ನಿಂತು ಬನ್ನಿ. ಆಪರೇಷನ್ ಆದ ಮೇಲೆ ಇಳಿಸಿದರೆ ಸ್ತನ ಮತ್ತೆ ಜೋತುಬೀಳುತ್ತದೆ.

ಬೆಳೆಯುತ್ತಿರುವ ಹುಡುಗಿಯರಿಗೆ ಸಾಮಾನ್ಯವಾಗಿ 18 ಆಗುವವರೆಗೆ, ಗಾತ್ರ ಒಂದು ವರ್ಷ ಬದಲಾಗದೆ ನಿಲ್ಲುವವರೆಗೆ ಕಾಯಿಸುತ್ತಾರೆ. ಹಾಲೂಡಿಸುತ್ತಿದ್ದವರು ಬಿಡಿಸಿದ ಮೇಲೆ ಸುಮಾರು ಆರು ತಿಂಗಳು ಕಾಯಬೇಕು. ಹಾಲಿನ ನಾಳ ಬತ್ತಿ, ನಿಜವಾದ ಗಾತ್ರ ಗೊತ್ತಾಗಬೇಕಲ್ಲ. ವರ್ಷದೊಳಗೆ ಮಗು ಬೇಕು ಎಂದಿದ್ದರೆ ಮುಂದೂಡುವುದೇ ಜಾಣತನ.

ಎಷ್ಟು ಇಳಿಯುತ್ತದೆ

ಕಪ್ ಸೈಜ್ ಇಂತಿಷ್ಟೇ ಎಂದು ಮಾತು ಕೊಡುವ ಸರ್ಜನ್ ಬಗ್ಗೆ ಸ್ವಲ್ಪ ಅನುಮಾನ ಇರಲಿ. ಒಂದೊಂದು ಕಂಪನಿಯ ಬ್ರಾಗೆ ಒಂದೊಂದು ಅಳತೆ. ಆಪರೇಷನ್ ಥಿಯೇಟರಿನಲ್ಲಿ ಲೆಕ್ಕ ಇಡುವುದು ಗ್ರಾಂನಲ್ಲಿ: ಪ್ರತಿ ಕಡೆ ತೆಗೆದದ್ದನ್ನು ತೂಗಿ ಬರೆದಿಡುತ್ತಾರೆ. ಎಷ್ಟು ಚಿಕ್ಕದು ಮಾಡಬಹುದು ಅನ್ನುವುದಕ್ಕೂ ಮಿತಿಯಿದೆ. ಅತಿಯಾಗಿ ತೆಗೆದರೆ ಪೆಡಿಕಲ್ ತೆಳುವಾಗಿ ತೊಟ್ಟಿಗೆ ರಕ್ತ ಸಾಲದೆ ಹೋಗುತ್ತದೆ. 'ಎಷ್ಟು ಸಾಧ್ಯವೋ ಅಷ್ಟು ತೆಗೆದುಬಿಡಿ ಡಾಕ್ಟ್ರೇ' ಅನ್ನುವುದಕ್ಕಿಂತ, ನಿಮ್ಮ ಮೈಕಟ್ಟಿಗೆ ಒಪ್ಪುವಂಥ ಫೋಟೋ ತೋರಿಸಿ ಮಾತಾಡುವುದು ಹೆಚ್ಚು ಉಪಯೋಗ.

ಗುರುತು ಹಾಕುವುದು ಆಪರೇಷನ್‌ಗೆ ಮುಂಚೆ, ನಿಮ್ಮನ್ನು ನಿಲ್ಲಿಸಿ. ಮಲಗಿದರೆ ಸ್ತನ ಪಕ್ಕಕ್ಕೆ ಹರಡಿ ಅಳತೆಯೆಲ್ಲ ತಪ್ಪುತ್ತದೆ. ಕತ್ತಿನ ಬುಡದ ಗುಂಡಿಯಿಂದ ತೊಟ್ಟಿನವರೆಗೆ ಟೇಪ್ ಹಿಡಿಯುತ್ತಾರೆ. ಭಾರವಾಗಿ ಜೋತುಬಿದ್ದವರಲ್ಲಿ ಇದು 30 ಸೆಂ.ಮೀ. ದಾಟಿರಬಹುದು, ಹೊಸ ಜಾಗ ಸಾಮಾನ್ಯವಾಗಿ 20ರಿಂದ 24 ಸೆಂ.ಮೀ. ಆಸುಪಾಸಿಗೆ, ಸ್ತನದ ಕೆಳಮಡಿಕೆಯ ಮಟ್ಟಕ್ಕೆ ಬರುತ್ತದೆ. ಈ ಗುರುತು ಸ್ವಲ್ಪ ಕೆಳಗಾದರೆ ಮುಂದೆ ಸರಿಪಡಿಸಬಹುದು. ಮೇಲಾದರೆ ತೊಟ್ಟು ಬ್ರಾ ಅಂಚಿನಿಂದ ಇಣುಕುತ್ತದೆ, ಕೆಳಗೆ ಇಳಿಸುವುದು ಬಲು ಕಷ್ಟ. ಹಾಗಾಗಿ ಮಾರ್ಕರ್ ಪೆನ್ ಹಿಡಿದಾಗ ಕನ್ನಡಿ ಕೇಳಿ, ಎಲ್ಲಿ ಬರುತ್ತದೆ ಎಂದು ನೋಡಿಕೊಳ್ಳಿ. ನಾಚಿಕೆ ಪಡುವ ಹೊತ್ತಲ್ಲ ಅದು.

ಕಲೆ ಎಲ್ಲಿ ಬರುತ್ತದೆ

ಮಧ್ಯಮ ಗಾತ್ರಕ್ಕೆ ತೊಟ್ಟಿನ ಸುತ್ತ ಒಂದು, ಅಲ್ಲಿಂದ ನೇರ ಕೆಳಗೆ ಒಂದು ಗೆರೆ. ಹೆಚ್ಚು ತೆಗೆಯಬೇಕಾದಾಗ ಇದರ ಜೊತೆ ಕೆಳಮಡಿಕೆಯುದ್ದಕ್ಕೂ ಅಡ್ಡಗೆರೆ. ನೋಡಲು ಹಡಗಿನ ಲಂಗರಿನ ಆಕಾರ. ಲೈಪೋಸಕ್ಷನ್ (ಸಣ್ಣ ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವುದು) ಒಂದರಿಂದಲೇ ಮುಗಿಸುವುದು ಕೊಬ್ಬು ಹೆಚ್ಚಿದ್ದು ಜೋತುಬೀಳದ ಕೆಲವರಿಗೆ ಮಾತ್ರ, ಯಾಕೆಂದರೆ ಅದು ಚರ್ಮ ತೆಗೆಯುವುದಿಲ್ಲ, ತೊಟ್ಟನ್ನು ಎತ್ತುವುದೂ ಇಲ್ಲ. ಕಂಕುಳ ಪಕ್ಕದ ಉಬ್ಬು ಕಡಿಮೆ ಮಾಡಲು ಇದನ್ನು ಜೊತೆಗೆ ಬಳಸುವುದುಂಟು.

ಕಲೆ ಉಳಿಯುತ್ತದೆ. ಮೊದಲ ಮೂರು ತಿಂಗಳು ಇನ್ನೂ ಗಾಢವಾಗುತ್ತದೆ, ಆಮೇಲೆ ವರ್ಷ, ಒಂದೂವರೆ ವರ್ಷದಲ್ಲಿ ಮಾಸುತ್ತದೆ. ನಮ್ಮ ಮೈಬಣ್ಣದವರಿಗೆ ಕಲೆ ಕಪ್ಪಾಗುವುದು, ದಪ್ಪಗಾಗುವುದು ಹೆಚ್ಚು, ಅದರಲ್ಲೂ ಎದೆಗೂಡಿನ ನಡುವಿನ ತುದಿಯಲ್ಲಿ. ಕಿವಿ ಚುಚ್ಚಿದಲ್ಲಿ, ಸಿಸೇರಿಯನ್ ಹೊಲಿಗೆಯಲ್ಲಿ ಕೀಲಾಯ್ಡ್ ಗಂಟು (ಗಾಯದ ಗುರುತು ಮೀರಿ ಬೆಳೆಯುವ ದಪ್ಪ ಕಲೆ) ಎದ್ದಿದ್ದರೆ ಮೊದಲೇ ತೋರಿಸಿ. ಗಾಯ ಪೂರ್ತಿ ಒಣಗಿದ ಮೇಲೆ, ಅಂದರೆ ಸಾಮಾನ್ಯವಾಗಿ ಮೂರು ವಾರದ ನಂತರ, ಸಿಲಿಕೋನ್ ಜೆಲ್ ಅಥವಾ ಶೀಟ್ ಅನ್ನು ಕನಿಷ್ಠ ಮೂರು ತಿಂಗಳು ಬಿಡದೆ ಬಳಸಬೇಕು. ಎರಡು ವಾರ ಹಚ್ಚಿ ಬಿಟ್ಟರೆ ದುಡ್ಡು ದಂಡ.

ಸ್ಪರ್ಶ, ಹಾಲು

ಮೊದಲ ವಾರಗಳಲ್ಲಿ ತೊಟ್ಟು ಜೋಮು ಹಿಡಿದಂತಿರುತ್ತದೆ. ಕೆಲವರಿಗೆ ಬಟ್ಟೆ ತಾಗಿದರೂ ಉರಿ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಶಾಶ್ವತವಾಗಿ ಕಡಿಮೆಯಾಗುತ್ತದೆ. ಹಾಲೂಡಿಸಲು ಆಗುವವರು ಬಹಳ ಜನ ಇದ್ದಾರೆ, ಆದರೆ ಗ್ರಂಥಿ ತೆಗೆದಿರುವುದರಿಂದ ಹಾಲು ಸಾಲದೆ ಮೇಲುಹಾಲು ಬೇಕಾಗಬಹುದು. ಖಾತ್ರಿ ಯಾರೂ ಕೊಡಲಾರರು. ಸ್ತನ ವಿಪರೀತ ದೊಡ್ಡದಿದ್ದು ಪೆಡಿಕಲ್ ತೀರ ಉದ್ದವಾಗುವಂತಿದ್ದರೆ ತೊಟ್ಟನ್ನು ಪೂರ್ತಿ ಬಿಡಿಸಿ ಚರ್ಮದ ಕಸಿಯಂತೆ ಕೂರಿಸಬೇಕಾಗುತ್ತದೆ. ಆಗ ಹಾಲಿನ ಆಸೆ ಬಿಡಬೇಕು, ಮೊದಲಿನ ಸ್ಪರ್ಶವೂ ಇರದು. 'ನನಗೆ ಯಾವ ಪೆಡಿಕಲ್, ಅಂದರೆ ಪಟ್ಟಿಯನ್ನು ಯಾವ ಕಡೆಯಿಂದ ಉಳಿಸುತ್ತೀರಿ? ಕಸಿ ಮಾಡಬೇಕಾಗಿ ಬರಬಹುದೇ?' ಎಂಬ ಎರಡು ಪ್ರಶ್ನೆ ಬರೆದುಕೊಂಡು ಹೋಗಿ.

ಆಪರೇಷನ್‌ಗೆ ಮುಂಚಿನ ತಯಾರಿ

ಎಲ್ಲಕ್ಕಿಂತ ಮುಖ್ಯ ನಿಕೋಟಿನ್. ಅದು ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ತೊಟ್ಟು ಕಪ್ಪಾಗಿ ಸಾಯುವುದು, ಹೊಲಿಗೆ ಬಿಚ್ಚಿಕೊಳ್ಳುವುದು ತಂಬಾಕು ಬಳಸುವವರಲ್ಲಿ ಹೆಚ್ಚು. 'ಸಿಗರೇಟ್ ಸೇದ್ತೀರಾ?' ಎಂದಾಗ ಇಲ್ಲ ಅನ್ನುವವರು ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುತ್ತಿರುತ್ತಾರೆ. ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ವೇಪ್, ಚಟ ಬಿಡಿಸುವ ನಿಕೋಟಿನ್ ಗಮ್, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕನಿಷ್ಠ ನಾಲ್ಕು ವಾರ ಮುಂಚೆ, ನಾಲ್ಕು ವಾರ ಆಮೇಲೆ ಪೂರ್ತಿ ಬಂದ್. ಅತ್ತೆಯವರ ಮುಂದೆ ಹೇಳಲು ಮುಜುಗರವಾದರೆ ಡಾಕ್ಟರ್ ಹತ್ತಿರ ಒಬ್ಬರೇ ಮಾತಾಡಲು ಸಮಯ ಕೇಳಿ.

ಪರೀಕ್ಷೆಗಳಲ್ಲಿ ಹಿಮೋಗ್ಲೋಬಿನ್ ಕಡೆ ಗಮನ ಕೊಡಿ. ಮುಟ್ಟಿನ ರಕ್ತಸ್ರಾವ ಹೆಚ್ಚಿರುವವರಲ್ಲಿ ಇದು ಕಡಿಮೆಯಿರುವುದು ಸಾಮಾನ್ಯ, ಕಬ್ಬಿಣದ ಮಾತ್ರೆಯಿಂದ ಏರಲು ವಾರಗಳೇ ಬೇಕು. ಹಿಂದಿನ ದಿನ ಗೊತ್ತಾದರೆ ಉಪಯೋಗವಿಲ್ಲ. ಶುಗರ್ ಇದ್ದವರಿಗೆ ಮೂರು ತಿಂಗಳ ಸರಾಸರಿ ಹಿಡಿತದಲ್ಲಿರಬೇಕು. 40 ದಾಟಿದವರಿಗೆ ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ). ಚಿಕ್ಕವರಿಗೆ ಗಂಟು ಕಂಡರೆ ಅಥವಾ ಮನೆತನದಲ್ಲಿ ಸ್ತನ ಕ್ಯಾನ್ಸರ್ ಇದ್ದರೆ ಅಲ್ಟ್ರಾಸೌಂಡ್.

ಆಸ್ಪಿರಿನ್, ಐಬುಪ್ರೊಫೆನ್, ವಿಟಮಿನ್ ಇ, ಬೆಳ್ಳುಳ್ಳಿ ಕ್ಯಾಪ್ಸೂಲ್ ರಕ್ತಸ್ರಾವ ಹೆಚ್ಚಿಸಬಹುದು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಬಾರದು, ಹೃದಯದ ಡಾಕ್ಟರನ್ನು ಕೇಳಬೇಕು. ಗರ್ಭನಿರೋಧಕ ಮಾತ್ರೆ, ಆಯುರ್ವೇದದ ಲೇಹ್ಯ, ತೂಕ ಇಳಿಸುವ ಸೆಮಾಗ್ಲುಟೈಡ್ ಥರದ ಇಂಜೆಕ್ಷನ್, ಯಾವುದನ್ನೂ ಮುಚ್ಚಿಡಬೇಡಿ. ಈ ಇಂಜೆಕ್ಷನ್ ತೆಗೆದುಕೊಂಡವರ ಹೊಟ್ಟೆ ಖಾಲಿಯಾಗಲು ತಡವಾಗುವುದರಿಂದ ಅರಿವಳಿಕೆ ಡಾಕ್ಟರಿಗೆ ಗೊತ್ತಿರಲೇಬೇಕು. ಉಳಿದವರಿಗೆ ಊಟ ಬಿಟ್ಟು ಕನಿಷ್ಠ ಆರು ಗಂಟೆ, ಬರೀ ನೀರು ಬಿಟ್ಟು ಎರಡು ಗಂಟೆ ಅನ್ನುವುದು ಸಾಮಾನ್ಯ ನಿಯಮ. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಆ ದಿನ ಮುಟ್ಟಾದರೆ? ಸಾಮಾನ್ಯವಾಗಿ ಮುಂದೂಡುವುದಿಲ್ಲ, ನರ್ಸ್‌ಗೆ ಹೇಳಿದರೆ ಸಾಕು. ತಾಳಿ, ಬಳೆ, ಮೂಗುತಿ, ನೈಲ್ ಪಾಲಿಷ್ ಮನೆಯಲ್ಲೇ ತೆಗೆದು ಬನ್ನಿ.

ಮನೆಯಲ್ಲಿ ಅಟ್ಟದ ಮೇಲಿರುವ ದಿನಬಳಕೆ ಡಬ್ಬಗಳನ್ನು ಸೊಂಟದ ಎತ್ತರಕ್ಕೆ ಇಳಿಸಿಡಿ. ಮುಂದೆ ಜಿಪ್ ಅಥವಾ ಬಟನ್ ಇರುವ ನೈಟಿ ಮೂರ್ನಾಲ್ಕು, ಮುಂದೆ ಹುಕ್ ಇರುವ ತಂತಿಯಿಲ್ಲದ ಸರ್ಜಿಕಲ್ ಬ್ರಾ ಎರಡು, ಬೆನ್ನಿಗೆ ಒರಗಿಸಲು ಗಟ್ಟಿ ದಿಂಬು ಇರಲಿ.

ಸರ್ಜನ್, ಖರ್ಚು, ಇನ್ಶೂರೆನ್ಸ್

ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ (ಈಗಿನ ಹೆಸರು ಡಿಆರ್‌ಎನ್‌ಬಿ) ಎಂಬ ತಜ್ಞ ಪದವಿ ಪಡೆದಿರಬೇಕು. 'ಕಾಸ್ಮೆಟಿಕ್ ಸ್ಪೆಷಲಿಸ್ಟ್' ಎಂಬ ಬೋರ್ಡು ಪದವಿಯಲ್ಲ. ಬೆಂಗಳೂರಿನ ವಿಕ್ಟೋರಿಯಾ, ಸೇಂಟ್ ಜಾನ್ಸ್, ಮಣಿಪಾಲದ ಕೆಎಂಸಿಯಂಥ ಕಾಲೇಜು ಆಸ್ಪತ್ರೆಗಳಲ್ಲೂ ಪ್ಲಾಸ್ಟಿಕ್ ಸರ್ಜರಿ ವಿಭಾಗವಿದೆ. ಪ್ಯಾಕೇಜ್ ರೇಟು ಹೇಳಿದಾಗ ಅರಿವಳಿಕೆ, ತೆಗೆದ ಮಾಂಸದ ಬಯಾಪ್ಸಿ, ಬ್ರಾ, ಡ್ರೆಸಿಂಗ್, ಮುಂದೆ ತಿದ್ದುಪಡಿ ಬೇಕಾದರೆ ಅದು ಸೇರಿದೆಯೇ ಎಂದು ಒಂದೊಂದಾಗಿ ಕೇಳಿ.

ಇನ್ಶೂರೆನ್ಸ್ ಕಂಪನಿ ಮೊದಲು 'ಕಾಸ್ಮೆಟಿಕ್' ಎಂದೇ ತಳ್ಳಿಹಾಕುವ ಸಾಧ್ಯತೆ ಹೆಚ್ಚು. ಇನ್ಶೂರೆನ್ಸ್ ಕಂಪನಿಗಳ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐನ ಪ್ರಮಾಣಿತ ಹೊರಗಿಡುವಿಕೆಗಳಲ್ಲಿ, ಅಂದರೆ ಪಾಲಿಸಿ ಹಣ ಕೊಡದ ಚಿಕಿತ್ಸೆಗಳ ಪಟ್ಟಿಯಲ್ಲಿ, ಎಂಟನೆಯದು ಇದೇ. ಆದರೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಸರಿಪಡಿಕೆಗೂ, ನೇರ ಮತ್ತು ತಕ್ಷಣದ ಆರೋಗ್ಯ ಅಪಾಯ ನೀಗಿಸುವ ಅಗತ್ಯ ಚಿಕಿತ್ಸೆಗೂ ಅದರಲ್ಲಿ ವಿನಾಯಿತಿ ಇದೆ. ಚಿಕಿತ್ಸೆ ಕೊಡುವ ವೈದ್ಯರ ಪ್ರಮಾಣಪತ್ರ ಬೇಕು. 'ತಕ್ಷಣದ' ಎಂಬ ಮಾತಿನ ಮೇಲೇ ಜಗ್ಗಾಟ ನಡೆಯುವುದು. ಮೂಳೆ ಡಾಕ್ಟರ ಚೀಟಿ, ಚರ್ಮದ ಡಾಕ್ಟರ ಚೀಟಿ, ಫಿಸಿಯೋ ಬಿಲ್, ತುರಿಯ ಫೋಟೋ ಒಂದೇ ಫೈಲಿನಲ್ಲಿಟ್ಟು ಆಪರೇಷನ್‌ಗೆ ಮುಂಚೆಯೇ ಒಪ್ಪಿಗೆಗೆ ಕಳಿಸಿ. ಅಮೆರಿಕದಲ್ಲಿರುವವರಿಗೆ ಬೇರೆ ಲೆಕ್ಕ: ಅಲ್ಲಿನ ಅನೇಕ ಕಂಪನಿಗಳು ಶ್ನೂರ್ ಕೋಷ್ಟಕ ನೋಡುತ್ತವೆ. ಮೈಯ ಒಟ್ಟು ಮೇಲ್ಮೈ ಅಳತೆಗೆ ತಕ್ಕಂತೆ ಕನಿಷ್ಠ ಎಷ್ಟು ಗ್ರಾಂ ತೆಗೆಯಬೇಕು ಎಂದು ಹೇಳುವ ಪಟ್ಟಿ ಅದು. 160 ಸೆಂ.ಮೀ. ಎತ್ತರ, 65 ಕೆಜಿ ತೂಕದವರ ಮೈಮೇಲ್ಮೈ ಸುಮಾರು 1.70 ಚದರ ಮೀಟರ್. ಅಂಥವರಿಗೆ ಪ್ರತಿ ಕಡೆ ಸುಮಾರು 370 ಗ್ರಾಂ ತೆಗೆಯುವಂತಿರಬೇಕು.

ಆಪರೇಷನ್ ದಿನ ಮತ್ತು ಮೊದಲ ಆರು ವಾರ

ಪೂರ್ತಿ ಅರಿವಳಿಕೆಯಲ್ಲಿ ಎರಡರಿಂದ ನಾಲ್ಕು ಗಂಟೆ, ಹೆಚ್ಚಾಗಿ ಒಂದು ರಾತ್ರಿ ಆಸ್ಪತ್ರೆ. ಕೆಲವರು ರಕ್ತ, ನೀರು ಬಸಿಯಲು ಡ್ರೈನ್ ಪೈಪ್ ಇಡುತ್ತಾರೆ, ಕೆಲವರು ಇಡುವುದಿಲ್ಲ. ಇಟ್ಟರೆ ಒಂದೆರಡು ದಿನದಲ್ಲಿ ತೆಗೆಯುತ್ತಾರೆ. ಸಂಜೆಯೇ ಎದ್ದು ನಡೆಯಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು. ನೋವು ಹೆಚ್ಚಿನವರು ಹೆದರಿದಷ್ಟು ಇರುವುದಿಲ್ಲ. ನೋವಿಗೆ ಟ್ರಮಡಾಲ್ ಮಾತ್ರೆ ಕೊಟ್ಟಿದ್ದರೆ ಮಲಬದ್ಧತೆ ಬರಬಹುದು, ನೀರು-ಹಣ್ಣು ಹೆಚ್ಚಿಸಿ.

ಆರು ವಾರ ಹಗಲು-ರಾತ್ರಿ ಬ್ರಾ, ಬೆನ್ನ ಮೇಲೆ ಒರಗಿ ನಿದ್ದೆ. ಎರಡು ಕೆಜಿಗಿಂತ ಹೆಚ್ಚು ಎತ್ತಬಾರದು. ಅಡುಗೆಮನೆಯಲ್ಲಿ ಈ ನಿಯಮ ಎಷ್ಟು ಬೇಗ ಮುರಿಯುತ್ತದೆ ನೋಡಿ: ಬಿಂದಿಗೆ ನೀರು ಸುಮಾರು ಹತ್ತು ಕೆಜಿ, ತುಂಬಿದ ಐದು ಲೀಟರ್ ಕುಕ್ಕರ್ ಐದಾರು ಕೆಜಿ, ನೆನೆದ ಬೆಡ್‌ಶೀಟ್ ಹಿಂಡುವುದಂತೂ ಬೇಡವೇ ಬೇಡ. ಚಿಕ್ಕ ಮಗುವಿದ್ದರೆ ನೀವು ಕುಳಿತುಕೊಳ್ಳಿ, ಮಗು ತಾನೇ ತೊಡೆಗೆ ಹತ್ತಲಿ. ಕುಳಿತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಹೋಗಬಹುದು, ಆದರೆ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲಬೇಡಿ, ಒಂದು ಬ್ರೇಕಿಗೆ ಹೊಲಿಗೆ ಎಳೆಯುತ್ತದೆ. ಸ್ಕೂಟರ್, ಕಾರು ನೋವಿಲ್ಲದೆ ಗಕ್ಕನೆ ಬ್ರೇಕ್ ಹಾಕಲಾದಾಗ ಮಾತ್ರ. ಜಿಮ್, ಓಟ ಆರು ವಾರದ ನಂತರ. ಆಕಾರ ನೆಲೆಗೊಳ್ಳಲು ಆರು ತಿಂಗಳು ಬೇಕು. ದುಬಾರಿ ಬ್ರಾ ಅಲ್ಲಿಯವರೆಗೆ ಕೊಳ್ಳಬೇಡಿ.

ಯಾವುದಕ್ಕೆ ಓಡಬೇಕು, ಯಾವುದಕ್ಕೆ ಕಾಯಬಹುದು

ಮೊದಲ ದಿನ ಒಂದೇ ಕಡೆ ದಿಢೀರನೆ ಊದಿ ಕಲ್ಲಿನಂತೆ ಬಿಗಿದು ನೋವು ಏರಿದರೆ ಒಳಗೆ ರಕ್ತ ಕಟ್ಟಿಕೊಂಡಿದೆ ಎಂದರ್ಥ. ಬೆಳಗಾಗಲಿ ಎಂದು ಕಾಯಬೇಡಿ. ಒತ್ತಡ ಹೆಚ್ಚಿದರೆ ತೊಟ್ಟಿನ ರಕ್ತ ನಿಲ್ಲುತ್ತದೆ. ತೊಟ್ಟು ನೀಲಿಗಪ್ಪಾದರೂ ಅಷ್ಟೇ ತುರ್ತು. ಮೀನಖಂಡದ ನೋವು-ಊತ, ಏದುಸಿರು ಬಂದರೆ ನೇರ ಎಮರ್ಜೆನ್ಸಿಗೆ. ಜ್ವರ, ಹರಡುವ ಕೆಂಪು, ಕೀವು ಕಂಡರೆ ಅದೇ ದಿನ ತೋರಿಸಿ.

ಎಲ್ಲಕ್ಕಿಂತ ಹೆಚ್ಚು ಜನರನ್ನು ಗಾಬರಿಪಡಿಸುವುದು ಮಾತ್ರ ಬೇರೆ. ಎರಡು-ಮೂರನೆಯ ವಾರದಲ್ಲಿ ಕೆಳಗಿನ ನೇರಗೆರೆ ಅಡ್ಡಗೆರೆಗೆ ಸೇರುವ ಜಾಗದಲ್ಲಿ ಕೆಲವರಿಗೆ ಉಗುರಗಲದ ಗಾಯ ಬಾಯ್ಬಿಡುತ್ತದೆ. ಅಲ್ಲಿ ಚರ್ಮದ ಮೂರು ಅಂಚು ಕೂಡುತ್ತವೆ, ಎಳೆತವೂ ಹೆಚ್ಚು, ರಕ್ತವೂ ಕಡಿಮೆ. ಚಿಕ್ಕದಾಗಿದ್ದರೆ ಮತ್ತೆ ಹೊಲಿಯುವುದಿಲ್ಲ; ಡ್ರೆಸಿಂಗ್ ಬದಲಿಸುತ್ತಾ ಹೋದರೆ ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಡಾಕ್ಟರಿಗೆ ಫೋಟೋ ಕಳಿಸಿ, ಅವರು ಹೇಳಿದ್ದನ್ನೇ ಹಚ್ಚಿ. ಅರಿಶಿನ, ಕೊಬ್ಬರಿ ಎಣ್ಣೆ ಸಲಹೆ ಮನೆ ತುಂಬ ಬರುತ್ತದೆ, ತೆರೆದ ಗಾಯಕ್ಕೆ ಎರಡೂ ಬೇಡ.

ತಿಂಗಳುಗಳ ನಂತರ ಗಟ್ಟಿ ಗಂಟು ಕೈಗೆ ಸಿಕ್ಕರೆ ಅದು ಹೆಚ್ಚಾಗಿ ರಕ್ತ ಸಿಗದೆ ಸತ್ತು ಗಟ್ಟಿಯಾದ ಕೊಬ್ಬು. ಆದರೂ ಊಹೆ ಮಾಡಿಕೊಂಡು ಕೂರದೆ ಅಲ್ಟ್ರಾಸೌಂಡ್ ಮಾಡಿಸಬೇಕು. ಈ ಆಪರೇಷನ್ನಿಂದ ಕ್ಯಾನ್ಸರ್ ಅಪಾಯ ಹೆಚ್ಚುವುದಿಲ್ಲ, ಆದರೆ ಸೊನ್ನೆಯೂ ಆಗುವುದಿಲ್ಲ. ಮ್ಯಾಮೋಗ್ರಾಮ್ ವಯಸ್ಸಿನವರು ಆರು ತಿಂಗಳಿಂದ ಒಂದು ವರ್ಷದೊಳಗೆ ಹೊಸದೊಂದು ತೆಗೆಸಿ, ಆಪರೇಷನ್ ವಿವರ ಮತ್ತು ಬಯಾಪ್ಸಿ ರಿಪೋರ್ಟ್ ಅದರ ಜೊತೆ ಇಟ್ಟುಕೊಳ್ಳಿ. ಮುಂದೆ ಸ್ಕ್ಯಾನ್ ನೋಡುವವರಿಗೆ ಒಳಗಿನ ಗೆರೆಗಳು ಹೊಲಿಗೆಯವೇ ಎಂದು ಗೊತ್ತಾಗುವುದು ಆ ಕಾಗದಗಳಿಂದ.